ಎರಡು ಗೊರಕೆಯ ಹೊತ್ತು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಕಟ್ಟಿದವರು ಸೀಟಿನವನ ಮಾವನನ್ನು ಒಂದು ಸಲ ನೋಡಿದ್ದರೆ ಅದನ್ನು ಮರ್ಯಾದೆಯಿಂದ ವಾಪಸು ತೆಗೆದುಕೊಳ್ಳುತ್ತಿದ್ದರು. ಮಾವನಿಗೆ ಕೋರ್ಟು ಕಚೇರಿಯ ತಾಪತ್ರಯವಿಲ್ಲ, ಮೈಯಲ್ಲಿ ಕಾಯಿಲೆಯಿಲ್ಲ, ಒಬ್ಬಳೇ ಮಗಳು ಗಂಡನ ಸಮೇತ ಕಣ್ಣೆದುರಿಗೇ ಇದ್ದಾಳೆ. ಆದರೂ ಐದು ತಿಂಗಳಿಂದ ರಾತ್ರಿಯೆಲ್ಲ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದರು. ಕಾರಣ ಇಷ್ಟೇ: ಅತ್ತೆ ಗೊರಕೆ ಹೊಡೆಯುವುದನ್ನು ನಿಲ್ಲಿಸಿಬಿಟ್ಟಿದ್ದರು.

ಅವರ ಮನೆ ಮಹಡಿಯ ಮೇಲೆ, ಕೆಳಗೆ ಎರಡು ಅಂಗಡಿ. ಒಂದು ಮಾವನ ಕ್ಷೌರದಂಗಡಿ. ಅದಕ್ಕೆ ಅಂಟಿಕೊಂಡದ್ದು ಅಳಿಯನದು. ಅವನು ಮೋಟರ್‌ಸೈಕಲ್ಲುಗಳಿಗೆ ಸೀಟು ಹೊಲಿಯುತ್ತಾನೆ. ಬೀದಿಯವರು ಅವನನ್ನು ಸೀಟಿನವನು ಎನ್ನುತ್ತಾರೆ, ಅವನೂ ಫೋನೆತ್ತಿದರೆ ಹಾಗೇ ಹೇಳುತ್ತಾನೆ. ಮನೆ ಅಳಿಯನೆಂದರೆ ಅರ್ಧ ಮಗ, ಅರ್ಧ ಆಳು, ಏನಾದರೂ ಮಿಕ್ಕಿದ್ದರೆ ಅದು ಅಳಿಯ. ಈ ಲೆಕ್ಕದಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ, ಯಾಕೆಂದರೆ ಮಾವನಿಗೆ ಅವನ ಕೈಕೆಲಸದ ಮೇಲೆ ಬಲು ಅಭಿಮಾನ. ಕ್ಷೌರದ ಕುರ್ಚಿಗೆ ಹೊಸ ಸ್ಪಂಜು ತುಂಬಿ, ತಲೆ ಒರಗಿಸುವ ದಿಂಬನ್ನು ಎರಡು ಸಾಲು ಹೊಲಿಗೆ ಹಾಕಿ ಕೂರಿಸಿದವನು ಅವನೇ.

ಅತ್ತೆಯ ಗೊರಕೆ ಸಾಮಾನ್ಯದ್ದಾಗಿರಲಿಲ್ಲ. ಮೊದಲು ಮರ ಕೊಯ್ದ ಹಾಗೆ ಉದ್ದಕ್ಕೆ ಎಳೆಯುತ್ತಿತ್ತು, ಮೇಲೆ ಹೋಗಿ ಒಂದು ಗಳಿಗೆ ಯೋಚನೆ ಮಾಡುತ್ತಿತ್ತು, ಇಳಿಯುವಾಗ ಕೊನೆಗೊಂದು ಸಣ್ಣ ಶಿಳ್ಳೆ ಹಾಕುತ್ತಿತ್ತು. ಮದುವೆಯಾದ ರಾತ್ರಿಯಿಂದ ಮಾವ ಅದನ್ನು ಬೈದುಕೊಂಡೇ ಬಂದವರು. ಅತ್ತೆ ಒಂದು ದಿನವೂ ಒಪ್ಪಿದವರಲ್ಲ. “ಗೊರಕೆ ಹೊಡೆಯೋದು ನೀವು. ನಿಮ್ಮ ಸದ್ದಿಗೆ ನೀವೇ ಬೆಚ್ಚಿಬಿದ್ದು ಎದ್ದು ನನ್ನ ಮೇಲೆ ಹಾಕ್ತೀರಿ,” ಎನ್ನುತ್ತಿದ್ದರು. ಮಗಳು ಹುಟ್ಟಿ, ಬೆಳೆದು, ಮದುವೆಯಾದರೂ ಈ ವ್ಯಾಜ್ಯ ಇತ್ಯರ್ಥವಾಗಲಿಲ್ಲ.

ಕೊನೆಗೆ ಮಾವ ಸಾಕ್ಷಿ ಹುಡುಕಿದರು. ಮಗಳ ಕಾಲೇಜಿನ ಕಾಲದ ಒಂದು ಮ್ಯೂಸಿಕ್ ಪ್ಲೇಯರ್ ಕಪಾಟಿನಲ್ಲಿ ಬಿದ್ದಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಹಾಡು ಕೇಳಲೂ ಬರುತ್ತಿತ್ತು, ಧ್ವನಿ ಹಿಡಿಯಲೂ ಬರುತ್ತಿತ್ತು. ಅದನ್ನು ದಿಂಬಿನ ಪಕ್ಕ ಇಟ್ಟು, ಮೊದಲಿಗೆ ತಾವೇ ವಕೀಲರ ಹಾಗೆ ಪಿಸುಗುಟ್ಟಿದರು: “ಮಲಗಿರೋದು ನನ್ನ ಹೆಂಡತಿ. ನಾನು ಎಚ್ಚರವಾಗಿದೀನಿ. ಈಗ ಕೇಳಿ.” ಅದರ ಹಿಂದೆಯೇ ಗೊರಕೆ. ಬೆಳಗ್ಗೆ ಅತ್ತೆ ಅದನ್ನು ಕಿವಿಗಿಟ್ಟು ಕೇಳಿದರು, ಪೂರ್ತಿ ಕೇಳಿದರು, ಮುಖ ಸಪ್ಪಗಾಯಿತು. ಅದೇ ವಾರ ಮೂಗಿನ ಡಾಕ್ಟರ ಹತ್ತಿರ ಹೋಗಿ ಆಪರೇಷನ್ ಮಾಡಿಸಿಕೊಂಡರು. ಮೂಗಿಗೆ ಹತ್ತಿ ತುರುಕಿಸಿಕೊಂಡು, ಬಾಯಲ್ಲಿ ಉಸಿರಾಡುತ್ತ, ಗಂಜಿ ಕುಡಿದು ಒದ್ದಾಡಿದರು. ಹತ್ತಿ ತೆಗೆದ ಮೇಲೆ ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮಾವ ಗೆದ್ದೆನೆಂದು ಬಂದವರ ಗಡ್ಡಕ್ಕೆಲ್ಲ ಸೋಪು ಹಚ್ಚುತ್ತ ಹೇಳಿದ್ದೇ ಹೇಳಿದ್ದು.

ಗೆಲುವು ಎರಡು ದಿನ ಬಾಳಿತು. ಮೂರನೆಯ ರಾತ್ರಿ ಮಾವನಿಗೆ ಎಚ್ಚರವಾದಾಗ ಪಕ್ಕದಲ್ಲಿ ಸದ್ದೇ ಇಲ್ಲ. ಇಷ್ಟು ವರ್ಷ ಆ ಗರಗಸವೇ ‘ಇವಳು ಇದ್ದಾಳೆ’ ಎಂದು ಹೇಳುತ್ತಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ತೋರುಬೆರಳನ್ನು ಮೆಲ್ಲಗೆ ಹೆಂಡತಿಯ ಮೂಗಿನ ಕೆಳಗೆ ಹಿಡಿದರು. ಗಾಳಿ ಬರುತ್ತಿದೆಯೇ? ಬಂದ ಹಾಗೂ ಇತ್ತು, ಬಾರದ ಹಾಗೂ ಇತ್ತು. ಗಾಬರಿಯಾಗಿ ತೋಳು ಅಲುಗಿಸಿದರು. ಅತ್ತೆ ಗೊಣಗಿ ಮಗ್ಗುಲು ಬದಲಿಸಿದರು. ಅಂದಿನಿಂದ ಆ ಬೆರಳಿಗೆ ರಾತ್ರಿ ಪಾಳಿ ಶುರುವಾಯಿತು.

ನಿದ್ದೆಗೆಟ್ಟ ಕೈ ಕತ್ತಿ ಹಿಡಿದರೆ ಏನಾಗುತ್ತದೆ? ಒಬ್ಬ ಹೆಡ್‌ಮಾಸ್ತರರ ಕಿವಿಯ ಅಂಚು ಸ್ವಲ್ಪ ಹೋಯಿತು. ಮಾವ ಕತ್ತಿ ಕೆಳಗಿಟ್ಟರು. ಹುಡುಗನಾಗಿದ್ದಾಗಿನಿಂದ ಹಿಡಿದಿದ್ದ ಕತ್ತಿ. ಮೂಲೆಯ ಬೆಂಚಿನ ಮೇಲೆ ಕೂತು ಆ ಪ್ಲೇಯರನ್ನು ಕೈಗೆತ್ತಿಕೊಂಡು ಅವರು ಗೊರಕೆ ಕೇಳಿಸಿಕೊಂಡದ್ದು ಆ ಮಧ್ಯಾಹ್ನವೇ. ಕೇಳುತ್ತ ಕೇಳುತ್ತ ಕೊರಡಿನ ಹಾಗೆ ನಿದ್ದೆ ಹೋದರು. ಎದ್ದಾಗ ಕೈ ನಡುಗುತ್ತಿರಲಿಲ್ಲ. ಆಮೇಲೆ ದಿನಾ ಮಧ್ಯಾಹ್ನ ಷಟರ್ ಅರ್ಧಕ್ಕೆ ಎಳೆದು, ಕಿವಿಗೆ ವೈರು ಸಿಕ್ಕಿಸಿ, ಬೆಂಚಿನ ಮೇಲೆ ನಿದ್ದೆ. ಹೇಗೋ ಕತ್ತಿ ಮತ್ತೆ ನಡೆಯಿತು.

ಇದನ್ನೆಲ್ಲ ಸೀಟಿನವನು ಕೇಳಿದ್ದು ಕ್ಷೌರದ ಕುರ್ಚಿಯಲ್ಲಿ. ಒಂದು ದಿನ ಮಾವ ಅವನನ್ನು ಕರೆದು ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಷಟರ್ ಎಳೆದರು. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ಯಾರೂ ‘ಆಗುವುದಿಲ್ಲ’ ಅನ್ನುವುದಿಲ್ಲ, ಇದು ಕಸುಬಿನವರಿಗೆ ಗೊತ್ತಿರುವ ಗುಟ್ಟು. ಎಲ್ಲ ಹೇಳಿ ಮುಗಿಸಿ ಮಾವ ಕತ್ತಿಯ ಡ್ರಾಯರ್ ಎಳೆದು ತೋರಿಸಿದರು. ಒಳಗೆ ಪ್ಲೇಯರ್ ಚಾರ್ಜರಿನ ವೈರು ಕಚ್ಚಿಕೊಂಡು ಮಲಗಿತ್ತು.

“ಬ್ಯಾಟ್ರಿ ಸತ್ತಿದೆ. ಪರದೆ ಕಪ್ಪಾಗಿದೆ. ಶುರು ಮಾಡೋ ಗುಂಡಿ ಉದುರಿಹೋಯ್ತು,” ಅಂದರು ಮಾವ. “ಕರೆಂಟಿನ ಮೇಲೆ ಹಗಲೂ ರಾತ್ರಿ ಓಡ್ತಾನೇ ಇದೆ. ನಿಂತ್ರೆ ಮತ್ತೆ ಶುರು ಮಾಡೋ ದಾರಿ ಇಲ್ಲ.”

“ನಿಲ್ಲದ ಹಾಗೆ ನೋಡ್ಕೊಂಡ್ರೆ ಆಯ್ತಲ್ಲ ಮಾವ.”

“ನಾಳೆ ಬೀದಿಗೆಲ್ಲ ಕರೆಂಟು ತೆಗೀತಾರಂತೆ, ಕಂಬ ಬದಲಾಯಿಸ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ.”

ಸೀಟಿನವನು ಮೊದಲು ಬುದ್ಧಿವಂತನ ಹಾಗೆ ಫೋನ್ ತೆಗೆದ. ಅದರಲ್ಲಿ ಗೊರಕೆಯನ್ನು ಹಿಡಿದ. ತಿರುಗಿಸಿ ಹಾಕಿದರೆ ಒಳಗೆ ಶುದ್ಧ ನಿಶ್ಶಬ್ದ. ಮಾತನಾಡುವವರ ಹಿಂದಿನ ಗಲಾಟೆಯನ್ನೆಲ್ಲ ತೆಗೆದುಹಾಕುವಂಥ ಹೊಸ ಫೋನು ಅದು. ಅತ್ತೆಯ ಗೊರಕೆಯನ್ನು ಗಲಾಟೆ ಎಂದು ತೀರ್ಮಾನಿಸಿ ಗುಡಿಸಿ ಆಚೆ ಹಾಕಿತ್ತು. ಮಾವನ ಪಿಸುಮಾತು ಮಾತ್ರ ಗಾಜಿನಷ್ಟು ಸ್ವಚ್ಛವಾಗಿ ಉಳಿದಿತ್ತು: ಈಗ ಕೇಳಿ. ಕೇಳಲು ಏನೂ ಇರಲಿಲ್ಲ.

ಉಳಿದದ್ದು ಟೇಪು. ಊರಿನ ಆಚೆ ತುದಿಯಲ್ಲಿ, ಸೇತುವೆ ದಾಟಿ, ಹಳೆಯ ಕ್ಯಾಸೆಟ್ಟುಗಳನ್ನು ಹೊಸದಕ್ಕೆ ಇಳಿಸಿಕೊಡುವ ಅಂಗಡಿಯವನನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಅವನ ಯಂತ್ರ ಬೀರುವಿನಷ್ಟು ದೊಡ್ಡದು, ಅದನ್ನು ಹೊತ್ತುಕೊಂಡು ಬರುವ ಮಾತೇ ಇಲ್ಲ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: “ಓಡ್ತಾ ಇರೋವಾಗ್ಲೇ ತನ್ನಿ, ವೈರು ಹಾಕಿ ಇಳಿಸ್ಕೊಡ್ತೀನಿ. ನಿಂತ ಮೇಲೆ ತಂದ್ರೆ ನಮಸ್ಕಾರ. ಅಂಥ ಮಾಲು ಒಂದು ಸಲ ಆರಿದ್ರೆ ಒಳಗಿರೋದನ್ನ ಮರೆತುಬಿಡುತ್ತೆ.”

ಜೇಬಿನಲ್ಲಿಟ್ಟುಕೊಂಡು ಹೋಗುವ ಪವರ್ ಬ್ಯಾಂಕಿಗೆ ಸಿಕ್ಕಿಸಿ ನೋಡಿದರು. ಪ್ಲೇಯರು ಕುಡಿಯುವುದು ಗುಬ್ಬಿಯಷ್ಟು ಕರೆಂಟು. ಇಷ್ಟು ಕುಡಿಯುವವರು ಯಾರೂ ಇಲ್ಲ ಎಂದುಕೊಂಡು ಪವರ್ ಬ್ಯಾಂಕು ತಾನೇ ನಿದ್ದೆ ಹೋಯಿತು. ಮಾವ ಅದನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಆಗಲೇ ಒಂದು ಮುಖ್ಯ ಸಂಗತಿ ತಿಳಿದದ್ದು: ವೈರು ತಪ್ಪಿದ ಮೇಲೂ ಪ್ಲೇಯರು ಎರಡು ಗೊರಕೆಯ ಹೊತ್ತು ಉಸಿರು ಹಿಡಿದಿರುತ್ತದೆ. ಮೂರನೆಯದಕ್ಕೆ ಹೋಗಲು ಬಿಡಬಾರದು.

“ಟ್ಯಾಕ್ಸಿ ಕರೆಸಿದ್ರೆ? ಕಾರಲ್ಲಿ ಚಾರ್ಜರ್ ಇರುತ್ತೆ,” ಅಂದ ಸೀಟಿನವನು.

ಮಾವ ಕನ್ನಡಿಯಲ್ಲಿ ಅವನನ್ನು ದಿಟ್ಟಿಸಿದರು. “ಯಾರೋ ಡ್ರೈವರು ನಿಮ್ಮ ಅತ್ತೆ ಗೊರಕೆ ಕೇಳ್ಕೊಂಡು ಹೋಗ್ಬೇಕಾ? ಮನೆತನದ ಮಾತು.”

ಹೀಗೆ ಕೆಲಸ ಮೋಟರ್‌ಸೈಕಲ್ಲಿನ ಮೇಲೆ ಬಿತ್ತು. ಎದುರು ಬೀದಿಯ ಮೆಕ್ಯಾನಿಕ್ ಬ್ಯಾಟರಿಯಿಂದ ಹ್ಯಾಂಡಲ್ಲಿನವರೆಗೆ ವೈರೆಳೆದು ಒಂದು ಚಾರ್ಜಿಂಗ್ ಸಾಕೆಟ್ಟು ಕೂರಿಸಿಕೊಟ್ಟ. ಯಾತಕ್ಕೆ ಎಂದು ಕೇಳಿದ. ಹಾಡು ಕೇಳಲು ಎಂದ ಸೀಟಿನವನು. “ನಿನ್ನ ಗಾಡಿ ಬ್ಯಾಟ್ರಿ ಮುದುಕ ಆಗಿದೆ,” ಅಂದ ಮೆಕ್ಯಾನಿಕ್. “ಓಡ್ತಾ ಇದ್ರೆ ಸರಿ. ನಿಂತ್ರೆ ಸೊರಗುತ್ತೆ. ಹಾರ್ನು, ಇಂಡಿಕೇಟರು, ಬ್ರೇಕಿನ ದೀಪ, ಯಾವುದು ಒತ್ತಿದ್ರೂ ಸಾಕೆಟ್ಟಿಗೆ ಬಿಕ್ಕಳಿಕೆ ಬರುತ್ತೆ. ಹಾಡು ಬೇಕು ಅಂದ್ರೆ ಹಾರ್ನು ಮರೆತುಬಿಡು, ಬ್ರೇಕನ್ನೂ ಆದಷ್ಟು ಮರೆತುಬಿಡು.” ಇಂಥ ಸಲಹೆ ಕೊಟ್ಟು ಅವನು ಕೈ ಒರೆಸಿಕೊಂಡು ಹೋದ.

ಮಿಕ್ಕದ್ದು ಸೀಟಿನವನ ಸ್ವಂತ ವಿದ್ಯೆ. ಪ್ಲೇಯರಿಗೆ ರೆಕ್ಸಿನ್ನಿನ ಒಂದು ಪುಟ್ಟ ಚೀಲ ಹೊಲಿದ, ಒಳಗೆ ಸ್ಪಂಜು ತುಂಬಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ. ಸೀಟು ಯಾರದಾದರೂ ಸೀಟೇ. ಪೆಟ್ರೋಲ್ ಟ್ಯಾಂಕಿನ ಮೇಲೆ ಅದನ್ನು ಬಿಗಿದು, ವೈರನ್ನು ಮೇಣ ಹಚ್ಚಿದ ದಾರದಿಂದ ಗೇಣಿಗೊಂದು ಗಂಟು ಹಾಕಿ ಕಟ್ಟಿದ. ಇಯರ್‌ಫೋನಿನ ವೈರು ಅಂಗಿಯ ಒಳಗಿಂದ ಹತ್ತಿ ಹೆಲ್ಮೆಟ್ಟಿಗೆ ಹೋಯಿತು. ಪರದೆ ಕಪ್ಪಾದ್ದರಿಂದ ಪ್ಲೇಯರು ಜೀವಂತವಾಗಿದೆಯೋ ಇಲ್ಲವೋ ತಿಳಿಯಲು ಕಿವಿಯೊಂದೇ ದಾರಿ. ಅದರಲ್ಲೂ ಬಲಗಿವಿಯ ಇಯರ್‌ಫೋನು ಯಾವತ್ತೋ ಸತ್ತಿತ್ತು, ಕೇಳುವುದೆಲ್ಲ ಎಡಗಿವಿಗೆ.

ಗಾಡಿಯನ್ನು ಷಟರಿನ ಬಾಯಿಗೆ ತಂದು, ಸ್ಟಾರ್ಟ್ ಮಾಡಿ, ಇಂಜಿನ್ನು ಜೋರಾಗಿ ಓಡಲು ಬಿಟ್ಟ. ಮಾವ ಪ್ಲೇಯರನ್ನು ಎರಡು ಕೈಯಲ್ಲಿ ಹಸುಗೂಸಿನ ಹಾಗೆ ತಂದರು, ಹಿಂದೆ ಚಾರ್ಜರಿನ ವೈರು ಎಳೆದುಕೊಂಡು. “ಕೀಳ್ತೀನಿ,” ಅಂದರು. ಕಿತ್ತರು. ಸೀಟಿನವನ ಎಡಗಿವಿಯಲ್ಲಿ ಮರ ಕೊಯ್ಯುವ ಸದ್ದು, ಶಿಳ್ಳೆ. ಬೆರಳು ತಡವರಿಸಿತು. ಎರಡನೆಯದು ಶುರುವಾಗಿ ಮೇಲೆ ಹೋಗಿ ಯೋಚನೆ ಮಾಡುತ್ತಿರುವಾಗ ಪಿನ್ನು ಟಕ್ಕೆಂದು ಕೂತಿತು. ಶಿಳ್ಳೆ ಬಂತು, ಮೂರನೆಯದೂ ಬಂತು, ಜೊತೆಗೆ ಇಂಜಿನ್ನಿನ ಕುಂಯ್ ಎನ್ನುವ ಸದ್ದೂ ವೈರಿನೊಳಗೆ ಸೇರಿಕೊಂಡಿತು. ಮಾವ ಹಣೆ ಒರೆಸಿಕೊಂಡರು.

ಅಷ್ಟರಲ್ಲಿ ಮೆಟ್ಟಿಲಿಳಿದು ಅತ್ತೆ ಬಂದರು, ಕೈಯಲ್ಲಿ ಚೀಲ, ತಲೆಗೆ ಮಗಳ ಹೆಲ್ಮೆಟ್ಟು.

“ಅಳಿಯಂದ್ರು ಸೇತುವೆ ಕಡೆ ಹೊರಟಿದಾರಂತೆ, ಮಗಳು ಹೇಳಿದ್ಲು. ನಂಗೂ ಮೂಗಿನ ಡಾಕ್ಟ್ರ ಹತ್ರ ಸ್ವಲ್ಪ ಕೆಲಸ ಇದೆ. ದಾರೀಲೇ ಇಳಿಸಿಬಿಡಿ,” ಎನ್ನುತ್ತ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. “ಪಾಪ, ನನಗೋಸ್ಕರ ಗಾಡಿ ಸ್ಟಾರ್ಟ್ ಮಾಡೇ ಇಟ್ಟಿದೀರಿ.”

ಮಾವ ಕಿತ್ತ ಚಾರ್ಜರಿನ ವೈರನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಬಾಯಿ ಬಿಟ್ಟರೆ ಬಣ್ಣಗೇಡು. ತಾವೇ ಗೊರಕೆ ಬೇಡವೆಂದು ಮೂಗು ಕೊಯ್ಯಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಅದೇ ಬೇಕು ಅನ್ನುವುದು? ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಅವರು ಸೀಟಿನವನನ್ನು ಮಾತ್ರ ನೋಡಿದರು. ನನ್ನ ನಿದ್ದೆ, ನನ್ನ ಕೈ, ನನ್ನ ಕತ್ತಿ ಎಲ್ಲ ನಿನ್ನ ಟ್ಯಾಂಕಿನ ಮೇಲಿದೆ ಮಾರಾಯ ಎಂದು ಆ ಕಣ್ಣು ಹೇಳಿತು.

ಹೀಗೆ ಸೀಟಿನವನು ಹೊರಟ, ಬೆನ್ನ ಹಿಂದೆ ಅತ್ತೆ, ಕಿವಿಯೊಳಗೆ ಅತ್ತೆಯ ಗೊರಕೆ. ಹಿಂದೆ ಕೂತವರು ಎಚ್ಚರವಾಗಿದ್ದಾರೆ, ಕಿವಿಯಲ್ಲಿರುವವರು ಗಾಢ ನಿದ್ದೆಯಲ್ಲಿದ್ದಾರೆ. ಇಂಥ ಪರಿಸ್ಥಿತಿ ಯಾವ ಅಳಿಯನಿಗೂ ಬಂದಿರಲಿಕ್ಕಿಲ್ಲ ಎನಿಸಿ ಅವನಿಗೆ ನಗು ಬಂತು.

ಮೊದಲ ತಿರುವಿನಲ್ಲಿ ಅಡ್ಡ ಬಂದ ಸೈಕಲ್ಲಿಗೆ ಅಭ್ಯಾಸಬಲದಿಂದ ಹಾರ್ನು ಒತ್ತಿದ. ಕಿವಿಯಲ್ಲಿ ಗೊರಕೆ ಕಟ್ಟಾಯಿತು. ಮರುಗಳಿಗೆ ಶಿಳ್ಳೆ ಹಾಕಿಕೊಂಡು ಬಂತು. ಅಲ್ಲಿಂದ ಮುಂದೆ ಅವನು ಹಾರ್ನಿನ ಬದಲು ಬಾಯಲ್ಲೇ “ಸೈಡು, ಸೈಡು” ಎಂದು ಕೂಗುತ್ತ ಹೋದ. ಇಂಡಿಕೇಟರಿನ ಬದಲು ಕೈ ಚಾಚಿದ. ಬ್ರೇಕಿನ ಬದಲು ಎರಡು ಕಾಲನ್ನೂ ನೆಲಕ್ಕೆ ಊರಿ ಚಪ್ಪಲಿ ಸವೆಸಿದ.

“ಏನ್ ಅಳಿಯಂದ್ರೇ ಇದು, ಗಾಡಿ ಹೊಸದಾಗಿ ಕಲಿತೋರ ಥರ?” ಅಂದರು ಅತ್ತೆ.

“ಗಾಡಿಗೆ ಒಳ್ಳೇದು ಅತ್ತೆ,” ಅಂದ.

ಪ್ಲೇಯರು ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಂದ ಶುರುಮಾಡುತ್ತಿತ್ತು. ಪ್ರತಿ ಸುತ್ತಿಗೂ ಮಾವನ ಪಿಸುಮಾತು: ಮಲಗಿರೋದು ನನ್ನ ಹೆಂಡತಿ. ನಾನು ಎಚ್ಚರವಾಗಿದೀನಿ. ನಿಜ ಮಾವ, ಎಂದುಕೊಂಡ ಸೀಟಿನವನು, ಇನ್ನೂ ಎಚ್ಚರವಾಗಿಯೇ ಇದ್ದೀರಿ.

ದೊಡ್ಡ ವೃತ್ತದ ಹತ್ತಿರ ಪೊಲೀಸಪ್ಪ ಸೇತುವೆಯ ರಸ್ತೆಗೆ ಕೈ ಅಡ್ಡ ಹಿಡಿದಿದ್ದ. ನಿಂತರೆ ಬ್ಯಾಟರಿ ಸೊರಗುತ್ತದೆ. ಸೀಟಿನವನು ನಿಲ್ಲದೆ ವೃತ್ತವನ್ನು ಸುತ್ತಿದ. ಕೈ ಇಳಿಯಲಿಲ್ಲ. ಇನ್ನೊಂದು ಸುತ್ತು ಹಾಕಿದ. ಮತ್ತೊಂದು. ನಡುವೆ ಕಟ್ಟೆಯ ಮೇಲೆ ನಿಂತಿದ್ದ ಪೊಲೀಸಪ್ಪ ಪ್ರತಿ ಸುತ್ತಿಗೂ ತಲೆ ತಿರುಗಿಸುತ್ತ ಅವನನ್ನೇ ನೋಡಿದ.

“ಏನ್ರೀ, ಗಾಣದ ಎತ್ತಿನ ಥರ ಸುತ್ತುತಾ ಇದೀರಿ? ನಿಲ್ಸಿ,” ಅಂದ.

“ನಿಲ್ಸಕ್ಕಾಗಲ್ಲ ಸಾರ್.”

“ಯಾಕೆ?”

ಮುಂದಿನ ಮಾತಿಗೆ ಒಂದು ಸುತ್ತು ಹಾಕಿ ಬರಬೇಕಾಯಿತು. “ಹಿಂದೆ ಅತ್ತೆ ಇದಾರೆ ಸಾರ್.”

ಪೊಲೀಸಪ್ಪ ಅತ್ತೆಯನ್ನು ನೋಡಿದ. ಮೂಗಿನ ತುದಿ ಕೆಂಪಾಗಿ, ಕಣ್ಣ ಕೆಳಗೆ ಕಪ್ಪಾಗಿ, ಅವರು ಚೀಲ ತಬ್ಬಿಕೊಂಡು ಕೂತಿದ್ದರು. ಅವನಿಗೂ ಮನೆಯಲ್ಲಿ ಒಬ್ಬ ಅತ್ತೆ ಇದ್ದಿರಬೇಕು. ಏನು ಅರ್ಥವಾಯಿತೋ, ಮಿಕ್ಕ ಗಾಡಿಗಳನ್ನೆಲ್ಲ ತಡೆದು ಇವನಿಗೆ ದಾರಿ ಬಿಟ್ಟ.

ಸೇತುವೆ ಏರುವ ಮೊದಲೇ ಆಸ್ಪತ್ರೆ. ಅತ್ತೆ ಬೆನ್ನು ತಟ್ಟಿದರು. “ಇಲ್ಲೇ, ಇಲ್ಲೇ ಇಳಿಸಿ.” ಸೀಟಿನವನು ಕೇಳಿಸದವನ ಹಾಗೆ ಮುಂದೆ ನೋಡಿದ. ಮತ್ತೆ ತಟ್ಟಿದರು. ಆಸ್ಪತ್ರೆಯ ಗೇಟು ಬಂತು, ಹೋಯಿತು. “ವಾಪಸು ಬರೋವಾಗ ಇಳಿಸ್ತೀನಿ ಅತ್ತೆ, ಅವಸರದ ಕೆಲಸ,” ಎಂದು ಕೂಗಿದ. ಜೀವಮಾನದಲ್ಲಿ ಮೊದಲ ಸಲ ಅತ್ತೆಯ ಮಾತು ಮೀರಿದ್ದ. ಬೈಗುಳಕ್ಕೆ ಕತ್ತು ಬಗ್ಗಿಸಿಕೊಂಡು ಕಾದ. ಬೈಗುಳ ಬರಲಿಲ್ಲ. ಅತ್ತೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟದ್ದು ಮಾತ್ರ ಬೆನ್ನಿಗೆ ತಗುಲಿತು. ಬೈಯಲೂ ತ್ರಾಣವಿಲ್ಲದಷ್ಟು ಅವರು ದಣಿದಿದ್ದರು. ಆಮೇಲೆ ಬೆನ್ನ ಮೇಲೆ ಏನೋ ಭಾರ ಬಂದು ಕೂತಿತು. ಸಿಟ್ಟಿನಿಂದ ಗುದ್ದಿ ಒರಗಿಕೊಂಡಿರಬೇಕು ಎಂದುಕೊಂಡ.

ಸೇತುವೆಯ ನಡುವೆ ಒಂದು ಲಾರಿ ಕೆಟ್ಟು ನಿಂತಿತ್ತು. ಅದನ್ನು ನೋಡಿದಾಗ ಇವನು ಅದರ ಹಿಂದೆಯೇ ಇದ್ದ. ಈಗ ಪ್ಲೇಯರನ್ನು ನೋಡುವುದೋ ಅತ್ತೆಯನ್ನು ನೋಡುವುದೋ? ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿದ, ಸಾಲದೆಂದು ಹಾರ್ನನ್ನೂ ಒತ್ತಿದ. ಲಾರಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ನುಸುಳಿ ಆಚೆ ಬಂದ. ಕಿವಿಯಲ್ಲಿ ಗೊರಕೆ ಇಲ್ಲ. ಇಂಜಿನ್ನಿನ ಕುಂಯ್ ಸದ್ದೂ ಇಲ್ಲ. ಮುಗಿಯಿತು. ಮಾವನಿಗೆ ಏನು ಹೇಳುವುದು? ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಕಸುಬಿನವನಿಗೆ ಕೈ ನಡುಗುವುದೆಂದರೆ ಏನು ಎಂದು ಅವನಿಗೆ ಗೊತ್ತಿತ್ತು, ಅವನದೂ ಸೂಜಿಯ ಕಸುಬೇ.

ಆಗ ಮರ ಕೊಯ್ಯುವ ಸದ್ದು ಬಂತು. ಉದ್ದಕ್ಕೆ ಎಳೆಯಿತು, ಮೇಲೆ ಹೋಗಿ ನಿಂತಿತು, ಶಿಳ್ಳೆ ಹಾಕಿತು. ಸೀಟಿನವನು ಗಾಡಿಯ ಮೇಲೆಯೇ ಒಮ್ಮೆ ಕುಪ್ಪಳಿಸಿದ. ಬದುಕಿತು. ಬರೀ ಬದುಕಿದ್ದಲ್ಲ, ಗುಣವೂ ಆಗಿತ್ತು. ಕುಂಯ್ ಸದ್ದು ಪೂರಾ ಹೋಗಿತ್ತು. ಯಾವತ್ತೋ ಸತ್ತಿದ್ದ ಬಲಗಿವಿಯಲ್ಲಿ ಈಗ ಎಡಗಿವಿಗಿಂತ ಚೆನ್ನಾಗಿ ಕೇಳುತ್ತಿತ್ತು. ಬ್ರೇಕಿನ ಏಟಿಗೆ ಒಳಗಿನ ವೈರು ಎಲ್ಲೋ ಸರಿಯಾಗಿ ಕೂತಿರಬೇಕು. ಕೆಲವು ಯಂತ್ರಕ್ಕೂ ಕೆಲವು ಮನುಷ್ಯರಿಗೂ ಒಂದು ಗುದ್ದು ಬಿದ್ದರೇ ಬುದ್ಧಿ ಎಂದುಕೊಂಡು ಗುನುಗುತ್ತ ಟೇಪುವಿನ ಅಂಗಡಿಯ ಮುಂದೆ ಬಂದು, ಇಂಜಿನ್ನು ಓಡುತ್ತಿರುವಾಗಲೇ ಕೂಗು ಹಾಕಿದ.

ಟೇಪು ಕೈಯಲ್ಲಿ ವೈರು ಹಿಡಿದುಕೊಂಡೇ ಓಡಿಬಂದ. ರೆಕ್ಸಿನ್ ಚೀಲ ಬಿಚ್ಚಿ ಪ್ಲೇಯರನ್ನು ಮುಟ್ಟಿದ. ಇನ್ನೊಮ್ಮೆ ಮುಟ್ಟಿದ.

“ಇದು ತಣ್ಣಗಾಗಿದೆಯಲ್ರೀ. ಪಿನ್ನು ಕಳಚಿ ನೇತಾಡ್ತಾ ಇದೆ. ನಿಂತು ಎಷ್ಟು ಹೊತ್ತಾಯ್ತೋ.”

“ಸುಮ್ನಿರಿ, ಕೇಳಿಸ್ತಾ ಇದೆ ನಂಗೆ.” ಸೀಟಿನವನು ಹೆಲ್ಮೆಟ್ಟು ತೆಗೆದ. ಇಯರ್‌ಫೋನನ್ನು ಎರಡು ಕಿವಿಯಿಂದಲೂ ಕಿತ್ತ. ಗೊರಕೆ ನಿಲ್ಲಲಿಲ್ಲ. ಇನ್ನೂ ಜೋರಾಯಿತು. ಸೇತುವೆಯಿಂದ ಈಚೆಗೆ ಮಾವನ ಪಿಸುಮಾತು ಒಂದು ಸಲವೂ ಬಂದಿರಲಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು.

ಅತ್ತೆ ಅವನ ಬಲಭುಜದ ಮೇಲೆ ಗದ್ದ ಊರಿ, ಕತ್ತು ವಾಲಿಸಿ, ಬಾಯಿ ಅರ್ಧ ತೆರೆದು, ಚೀಲವನ್ನು ತಬ್ಬಿಕೊಂಡು ಮಲಗಿದ್ದರು. ಅವರಿಗೆಂದೇ ಅವನು ಒಂದು ಪದರ ಹೆಚ್ಚು ಸ್ಪಂಜು ಹಾಕಿ ಹೊಲಿದಿದ್ದ ಸೀಟು. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ. ಟೇಪು ಬೆರಗಾಗಿ ನೋಡಿದ. ಆಮೇಲೆ ಕಸುಬು ಎಚ್ಚೆತ್ತು, ಒಳಗೆ ಓಡಿ, ಉದ್ದ ವೈರಿನ ಮೈಕು ಎಳೆದುತಂದು ಅತ್ತೆಯ ಮೂಗಿನ ಹತ್ತಿರ ಹಿಡಿದ. “ಅಲ್ಲಾಡಬೇಡಿ,” ಎಂದು ಪಿಸುಗುಟ್ಟಿದ. ಸೀಟಿನವನು ಉಸಿರು ಬಿಗಿಹಿಡಿದು ಕೂತ.

ಒಂದಷ್ಟು ಗೊರಕೆ ಹಿಡಿಯುವಷ್ಟರಲ್ಲಿ ಇಂಜಿನ್ನು ಸೊರಗಿ ಆರಿಹೋಯಿತು. ಸದ್ದು ನಿಂತದ್ದೇ ಅತ್ತೆ ಕಣ್ಣು ಬಿಟ್ಟರು. ಮೂಗಿನೆದುರಿಗೆ ಯಾರೋ ಏನೋ ಹಿಡಿದಿದ್ದಾನೆ.

“ಡಾಕ್ಟ್ರು ಬದಲಾದ್ರಾ?” ಅಂದರು.

ಇನ್ನು ಮುಚ್ಚಿಡುವುದು ಏನಿತ್ತು? ಸೀಟಿನವನು ಗಾಡಿಯಿಂದ ಇಳಿದು, ಕೈಕಟ್ಟಿ ನಿಂತು, ಎಲ್ಲವನ್ನೂ ಹೇಳಿದ. ಮಧ್ಯಾಹ್ನದ ನಿದ್ದೆ, ಹೆಡ್‌ಮಾಸ್ತರರ ಕಿವಿ, ರಾತ್ರಿಯ ಬೆರಳು, ಯಾವುದನ್ನೂ ಬಿಡಲಿಲ್ಲ. ಅತ್ತೆ ಟೇಪುವಿನ ಸ್ಟೂಲಿನ ಮೇಲೆ ಕೂತು ಕೇಳಿದರು.

“ಬೆರಳು ಇಡ್ತಿದ್ದದ್ದು ನಾನು ಬದುಕಿದೀನಾ ಅಂತ ನೋಡೋಕಾ?” ಅಂದರು.

“ಹೌದು ಅತ್ತೆ.”

“ನಾನು ಪರೀಕ್ಷೆ ಅಂದ್ಕೊಂಡಿದ್ದೆ. ಆಪರೇಷನ್ ಆದ್ರೂ ನಂಬಿಕೆ ಇಲ್ಲ ಇವ್ರಿಗೆ, ಇನ್ನೂ ಗೊರಕೆ ಬರುತ್ತಾ ಅಂತ ಹಿಡಿಯೋಕೆ ಕಾಯ್ತಾ ಇದಾರೆ ಅಂತ.” ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಬೆರಳು ಬಂತು ಅಂದ್ರೆ ಸಾಕು, ನಾನು ಉಸಿರೇ ಬಿಗಿಹಿಡಿದುಬಿಡ್ತಿದ್ದೆ. ಒಂಚೂರೂ ಸದ್ದು ಆಗಬಾರದಲ್ಲ. ಐದು ತಿಂಗಳಾಯ್ತು ಅಳಿಯಂದ್ರೇ, ನಿದ್ದೆ ಅಂದ್ರೇನು ಅಂತ ಮರೆತುಹೋಗಿದೆ. ಇವತ್ತು ಡಾಕ್ಟ್ರ ಹತ್ರ ಹೊರಟಿದ್ದು ಸರ್ಟಿಫಿಕೇಟು ತರೋಕೆ. ನಂಗೆ ಗೊರಕೆ ಇಲ್ಲ ಅಂತ ಬರೆಸಿ, ಸೀಲು ಹಾಕಿಸಿ, ಮಂಚದ ಮೇಲೆ ಅಂಟಿಸೋಣ ಅಂತ.”

ಒಬ್ಬರು ಉಸಿರು ಹಿಡಿದರು ಎಂದು ಇನ್ನೊಬ್ಬರ ಬೆರಳು, ಇನ್ನೊಬ್ಬರ ಬೆರಳು ಬಂತೆಂದು ಇವರ ಉಸಿರು ಬಂದ್. ಹೀಗೆ ಒಂದೇ ಹಾಸಿಗೆಯಲ್ಲಿ ಇಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬರನ್ನೊಬ್ಬರು ಕಾದಿದ್ದರು.

ಟೇಪು ತಾನು ಹಿಡಿದದ್ದನ್ನು ಹಾಕಿ ಕೇಳಿಸಿದ. ಅತ್ತೆ ತಲೆದೂಗುತ್ತ ಕೇಳಿದರು.

“ಆಪರೇಷನ್ ಆಗಿದ್ರೂ ಇಷ್ಟು ಚೆನ್ನಾಗಿ ಬರುತ್ತಲ್ಲ,” ಅಂದ ಟೇಪು. “ಮಲಗಿದ್ರೆ ಇಲ್ಲವೇನೋ. ಕೂತು ಕತ್ತು ವಾಲಿಸಿದ್ರೆ ಬರುತ್ತೆ ಅನ್ಸುತ್ತೆ. ಇದನ್ನ ಹೊಸ ಪ್ಲೇಯರಿಗೆ ಹಾಕ್ಕೊಡ್ಲಾ?”

“ಬೇಡ, ಅಳಿಸಿಬಿಡಿ,” ಅಂದರು ಅತ್ತೆ. “ನಾನು ಇರೋವಾಗ ಡಬ್ಬಿ ಯಾಕೆ?” ಎದ್ದು ಬಂದು ಗಾಡಿಯ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. “ಮೆತ್ತಗಿದೆ. ಅಂಗಡಿ ಕುರ್ಚೀನೂ ನೀವೇ ಅಲ್ವಾ ಹೊಲಿದಿದ್ದು?”

“ಹೌದು ಅತ್ತೆ.”

“ಇದೇ ಸ್ಪಂಜಾ?”

“ಅದಕ್ಕೆ ಇನ್ನೂ ಒಳ್ಳೇದು.”

“ಮನೇಲಿ ಏನೂ ಬಾಯಿ ಬಿಡಬೇಡಿ. ನಾನು ನೋಡ್ಕೋತೀನಿ.”

ವಾಪಸು ಬಂದಾಗ ಮಾವ ಷಟರಿನ ಬಾಯಲ್ಲೇ ನಿಂತಿದ್ದರು. ಏನಾಯಿತು ಎಂದು ಹುಬ್ಬಿನಲ್ಲೇ ಕೇಳಿದರು. ಸೀಟಿನವನು ತಣ್ಣಗಿದ್ದ ಪ್ಲೇಯರನ್ನು ಅವರ ಕೈಗಿಟ್ಟು ನೆಲ ನೋಡಿದ. ಮಾವ ಬೈಯಲಿಲ್ಲ. ಅದನ್ನು ಕತ್ತಿಯ ಡ್ರಾಯರಿನಲ್ಲಿಟ್ಟು ಮೆಲ್ಲಗೆ ಮುಚ್ಚಿದರು. ಆಮೇಲೆ ಕತ್ತಿಯನ್ನೂ ಒರೆಸಿ, ಮಡಿಚಿ, ಅದರ ಪಕ್ಕಕ್ಕೇ ಇಟ್ಟರು. ನಿಜ ಹೇಳಿಬಿಡೋಣ ಎನಿಸಿತು ಸೀಟಿನವನಿಗೆ, ಆದರೆ ಅತ್ತೆಗೆ ಕೊಟ್ಟ ಮಾತು.

ಮರುದಿನ ಬೆಳಗ್ಗೆಯೇ ಬೀದಿಯ ಕರೆಂಟು ಹೋಯಿತು. ಹೊರಗೆ ಕಂಬದವರು ಗುಂಡಿ ತೋಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮಹಡಿಯಿಂದ ಇಳಿದು ಕ್ಷೌರದಂಗಡಿಗೆ ಬಂದರು. ಮಾವ ಬೆಂಚಿನ ತುದಿಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅತ್ತೆ ಯಾರನ್ನೂ ಕೇಳದೆ ಕುರ್ಚಿ ಹತ್ತಿದರು, ಬಿಳಿ ಬಟ್ಟೆಯನ್ನು ತಾವೇ ಮೈಮೇಲೆ ಹೊದ್ದುಕೊಂಡರು, ದಿಂಬಿಗೆ ತಲೆ ಒರಗಿಸಿ ಕತ್ತನ್ನು ಒಂದು ಕಡೆಗೆ ವಾಲಿಸಿದರು.

“ಏನೇ ಇದು?” ಅಂದರು ಮಾವ.

“ಮಲಗ್ತೀನಿ. ರಾತ್ರಿ ನಿಮ್ಮ ಬೆರಳಿನ ಕಾಟ. ಈಗ ಅದನ್ನ ಹತ್ರ ತಂದ್ರೆ ಕಚ್ಚಿಬಿಡ್ತೀನಿ.”

ಮಾವ ಉತ್ತರ ಹುಡುಕುತ್ತಿರುವಾಗಲೇ ಕುರ್ಚಿಯಿಂದ ಮರ ಕೊಯ್ಯುವ ಸದ್ದು ಶುರುವಾಯಿತು. ಮಾವ ಮೊದಲು ಡ್ರಾಯರ್ ಕಡೆ ನೋಡಿದರು. ಅದು ಮುಚ್ಚಿತ್ತು. ಆಮೇಲೆ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದರು. ಸದ್ದು ಮೇಲೆ ಹೋಯಿತು, ಯೋಚನೆ ಮಾಡಿತು, ಶಿಳ್ಳೆ ಹಾಕಿತು. ಪಕ್ಕದ ಅಂಗಡಿಯಿಂದ ಇಣುಕಿ ನೋಡುತ್ತಿದ್ದ ಸೀಟಿನವನಿಗೆ ಅವರ ತುಟಿ ಅದುರಿದ್ದು ಕಂಡಿತು. ನಗುವೋ ಅಳುವೋ, ಎರಡೂ ಇದ್ದವು.

ಸ್ವಲ್ಪ ಹೊತ್ತಿಗೆ ಒಬ್ಬ ಗಿರಾಕಿ ಬಂದ, ಕಿವಿಯ ಅಂಚಿನಲ್ಲಿ ಹಳೆಯ ಗಾಯದ ಗುರುತು. ಹೆಡ್‌ಮಾಸ್ತರರೇ. ಅರ್ಧ ಎಳೆದ ಷಟರಿನ ಮುಂದೆ ಸೀಟಿನವನು ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದ.

“ಅಂಗಡಿ ತೆಗೆದಿಲ್ವಾ?”

“ತೆಗೆದಿದೆ ಸಾರ್. ಒಳಗೆ ಕೆಲಸ ನಡೀತಾ ಇದೆ. ಅದು ಮುಗೀಲಿ, ಆಮೇಲೆ ಕೂತರೆ ನಿಮ್ಮ ಕಿವಿಗೇ ಒಳ್ಳೇದು.”

ಹೆಡ್‌ಮಾಸ್ತರರು ಬಗ್ಗಿ ಒಳಗೆ ನೋಡಿದರು. ಕುರ್ಚಿಯಲ್ಲಿ ಒಬ್ಬರು, ಬೆಂಚಿನ ಮೇಲೆ ಒಬ್ಬರು. ಬೆಂಚಿನ ಮೇಲಿದ್ದವರು ಗೋಡೆಗೆ ಒರಗಿ ಕಾಲು ಚಾಚಿ ಮಲಗಿದ್ದರು, ಮತ್ತು ಮೆಲ್ಲಗೆ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಮದುವೆಯಾದಾಗಿನಿಂದ ಹೇಳಿಕೊಂಡು ಬಂದದ್ದೂ ಸುಳ್ಳಾಗಿರಲಿಲ್ಲ. ಐದು ತಿಂಗಳಿಂದ ಕಾವಲಿದ್ದ ತೋರುಬೆರಳು ಮಿಕ್ಕ ಬೆರಳುಗಳ ಜೊತೆ ಮಡಿಚಿಕೊಂಡು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.